ಸುತ್ತುಗೆರೆಯ ಮುತ್ತು

ಮೊನ್ನೆ ಗದಗಿನಲ್ಲಿ ಸರ ಪೋಣಿಸುವವರ ಮುಂದೆ ಕುಳಿತಿದ್ದೆ. ತೀರಿಹೋದ ಅವ್ವನ ಮುತ್ತಿನ ಸರ, ದಾರ ಸವೆದು ಹರಿದಿತ್ತು. ಅವರು ಮುತ್ತುಗಳನ್ನು ತಟ್ಟೆಯಲ್ಲಿ ಉರುಳಿಸಿ ಒಂದನ್ನು ಬೇರೆ ಇಟ್ಟರು. ಅದರ ನಡುವಿಗೆ ದಾರ ಬಿಗಿದು ಕೊಯ್ದಂತೆ ಒಂದು ಸುತ್ತುಗೆರೆ.

"ಇದು ಖೋಟಾ ಏನ್ರಿ?" ಎಂದೆ.

"ಖೋಟಾ ಯಾಕಾಗತೈತ್ರಿ? ಚಿಪ್ಪಿನ್ಯಾಗ ಬೀಜಾ ಇಟ್ಟು ಬೆಳಸಿದ ಮುತ್ತಿದು. ಒಳಗ ತಿರುಗಿಕೋತ ಬೆಳದ್ರ ಒಂದೊಂದಕ್ಕ ಹಿಂಗ ಗೆರಿ ಬೀಳತೈತಿ. ಬಾಲ ಬಂದಿದ್ದೂ ಇರತಾವು, ಜೋಡಿ ಅಂಟಿದ್ದೂ ಇರತಾವು. ಯಾರೂ ಮಾಡಿದ್ದಲ್ಲ."

ಯಾರೂ ಮಾಡಿದ್ದಲ್ಲ. ನಮ್ಮ ಬೆಟಗೇರಿಯ ಮನೆಯಲ್ಲಿ ಈ ಮಾತನ್ನು ನಾನೆಂದೂ ಕೇಳಿರಲಿಲ್ಲ. ನೇಕಾರರ ಮನೆ ನೋಡಿದ್ದರೆ ನಿಮಗೂ ಗೊತ್ತು: ಸೀರೆಯಲ್ಲಿ ಗೆರೆ ಬಿತ್ತೆಂದರೆ ಯಾರದೋ ಕೈ ತಪ್ಪಿದೆ. ಅವ್ವ ಕಣ್ಣು ಮುಚ್ಚಿ, ಹೆಬ್ಬೆರಳು ಆಡಿಸಿಯೇ ತಪ್ಪಿದ ಎಳೆ ಹುಡುಕುತ್ತಿದ್ದಳು. ನಾನೋ, ಸೀರೆ ಮಡಿಸುವುದನ್ನೂ ನೆಟ್ಟಗೆ ಕಲಿಯದವನು; ತಪ್ಪು ತೋರಿಸುವುದರಲ್ಲಿ ಮಾತ್ರ ಜಾಣ.

ಅವ್ವ ಇದ್ದಾಗ ಒಮ್ಮೆ ವೈನಿ, ಅಂದರೆ ಅಣ್ಣನ ಹೆಂಡತಿ, ತವರಿನ ಮದುವೆಗೆಂದು ಆ ಸರ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಅಲ್ಲಿ ದಾರ ಹರಿಯಿತು. ಅಲ್ಲೇ ಪೋಣಿಸಿಕೊಂಡು ಬಂದರು. ಮೊದಲು ಕೊಂಡಿಯ ಹತ್ತಿರ, ತುರುಬಿನಡಿ ಅಡಗಿದ್ದ ಈ ಗೆರೆಯ ಮುತ್ತು ಆಗ ಮುಂದೆ ಬಂದಿರಬೇಕು. ಇದು ಈಗಿನ ಊಹೆ. ಅಂದು ಅವ್ವನ ಹೆಬ್ಬೆರಳು ಅಲ್ಲಿ ನಿಂತಿತು.

"ಇದು ನಮ್ಮದಲ್ಲ. ನೀ ಸಣ್ಣಾಂವ ಇದ್ದಾಗಿಂದ ನೋಡೀದಿ. ಇಂಥಾದಿತ್ತೇನೋ?"

ಹಲ್ಲಿಗೆ ಉಜ್ಜಿ ನೋಡಿದೆ. ಮರಳಿನಂತೆ ಒರಟು; ಅಂದರೆ ಅಸಲು. ಆದರೂ "ಇರಲಿಲ್ಲ" ಎಂದೆ. ನೆನಪಿಲ್ಲ ಎನ್ನಬೇಕಿತ್ತು. ಅಷ್ಟೇ.

"ಚಲೋದು ತವರಿಗೆ, ಗೆರೀದು ಅತ್ತಿಮನಿಗೆ!" ಎಂದು ಓಣಿಯ ಹೆಂಗಸರು ನಕ್ಕರು. ಅಣ್ಣ ವೈನಿಯ ಹತ್ತಿರವಿದ್ದ ತಿಜೋರಿಯ ಕೀಲಿಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಇಂದಿಗೂ ಅದು ಅಲ್ಲೇ ಇದೆ.

ಮೊನ್ನೆ ಗದಗಿನಿಂದ ನೇರ ಅಣ್ಣನ ಮನೆಗೆ ಹೋದೆ. ಬಾಗಿಲಲ್ಲೇ ವೈನಿಗೆ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಹೊಸ್ತಿಲ ಪಕ್ಕ ಮೆಲ್ಲಗೆ ಕುಳಿತರು.

"ಚಿಪ್ಪಿಂದು ನನಗ ಗೊತ್ತಿರಲಿಲ್ಲ. ನಂದು ನನಗ ಗೊತ್ತಿತ್ತು. ನನ್ನ ಮುಂದ್ಯಾಕ ಹೇಳತೀರಿ? ನಿಮ್ಮಣ್ಣಾರು ಒಳಗದಾರ."

ಅಣ್ಣ ಮಗ್ಗದಲ್ಲಿದ್ದ. ಹೇಳಿದೆ. ಲಾಳಿ ನಿಲ್ಲಲಿಲ್ಲ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಹಿಂದಿರುಗಿ ಹೊರಡಬಹುದಿತ್ತು. ಬಾಗಿಲು ಪೂರ್ತಿ ತೆರೆದಿಟ್ಟು, ಓಣಿಗೆ ಕೇಳುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದೆ:

"ಅಣ್ಣಾ, ಅವತ್ತ ನಾ ಸುಳ್ಳ ಹೇಳಿದ್ನಿ."