ಕರಿಯರೆಲ್ಲ ಒಂದೇ ಎಂದ ವಕೀಲ

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಮೈಸೂರಿಗೆ ಸೇರಬೇಕೋ ಬೇಡವೋ ಎಂಬ ಜಗಳ ಜೋರಾಗಿತ್ತು, ಭಾಷಣಕಾರರಿಗೆ ಸುಗ್ಗಿ. ಅಂಥವನೊಬ್ಬ ವಕೀಲ ಮಡಿಕೇರಿಯಿಂದ ಪಾಲಿಬೆಟ್ಟದ ನಮ್ಮ ಎಸ್ಟೇಟಿಗೂ ಬಂದ, ಕೂಲಿಯಾಳುಗಳ ಸಂಘ ಕಟ್ಟುತ್ತೇನೆಂದು. ಮಳೆ ಹಿಡಿಯುವ ಮುಂಚೆ ಎಸ್ಟೇಟಿನ ದೊರೆ ಆಳಿಗೊಂದು ಕಂಬಳಿ ಕೊಡಬೇಕು, ಇದು ಸಂಘದ ಮೊದಲ ಬೇಡಿಕೆ. ನಮ್ಮವರು ಘಟ್ಟದ ಕೆಳಗಿನಿಂದ ಬಂದು ಕೂಲಿಯಾಳುಗಳ ಲೈನುಮನೆಗಳಲ್ಲಿ ನೆಲೆಯಾದವರು. ನಾನು ಆ ಲೈನಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ, ಕೊಯ್ಲು ಬಂದರೆ ಹಣ್ಣೂ ಕೊಯ್ಯುತ್ತಿದ್ದೆ.

ಕಾಫಿ ಒಣಗಿಸುವ ಕಣದಲ್ಲಿ ಸಭೆ. ಒಬ್ಬ ಆಳು ವಕೀಲನ ತಲೆಗೆ ಕೊಡೆ ಹಿಡಿದು ನಿಂತಿದ್ದ, ಬಿಸಿಲಿಗೆ ಮೈ ಕಪ್ಪಾಗಬಾರದಲ್ಲ! ಆ ಕೊಡೆಯ ಕೆಳಗಿಂದ ಅಮೆರಿಕದ ಕರಿಯರ ಕಥೆ ಬಂತು. ಬಿಳಿಯರು ಅವರನ್ನು ಬಸ್ಸಿನ ಹಿಂದಿನ ಸೀಟಿಗೆ ಅಟ್ಟುತ್ತಾರಂತೆ. ಯಾವ ಬಣ್ಣಕ್ಕೆ ಬೈಸಿಕೊಂಡರೋ ಅದೇ ಬಣ್ಣದ ಹೆಸರಲ್ಲಿ ಅವರು ಒಂದಾಗುತ್ತಿದ್ದಾರಂತೆ.

"ನಾವೂ ಕರಿಯರೇ! ಕರಿಯರೆಲ್ಲ ಒಂದೇ ತಾಯಿಯ ಮಕ್ಕಳು!"

ನಮ್ಮವನೇ ಆದ ಮೇಸ್ತ್ರಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ. ಹೊಡೆದವನೇ, "ಎರವರನ್ನ ಸೇರಿಸ್ಬೇಡಿ ಸ್ವಾಮಿ. ಅವ್ರನ್ನೂ ಸೇರಿಸಿದ್ರೆ ದೊರೆ ಯಾರಿಗೂ ಕೊಡಲ್ಲ" ಎಂದ.

"ಹೌದೌದು, ಕಾಡಿನವರಿಗೆ ಚಳಿ ಅಭ್ಯಾಸ. ಮುಂದಿನ ವರ್ಷ ನೋಡೋಣ" ಎಂದ ವಕೀಲ. ಥೂ! ಒಂದೇ ತಾಯಿಯ ಮಕ್ಕಳು ಎಂದ ಬಾಯಿ ಇನ್ನೂ ಒಣಗಿರಲಿಲ್ಲ.

ಕಣದ ಹೊರಗೆ, ಬೇಲಿಯ ಹತ್ತಿರ ಎರವರು ನಿಂತಿದ್ದರು, ನಮ್ಮ ಜೊತೆಗೇ ಕೂಲಿ ಮಾಡುವ ಕಾಡಿನ ಜನ. ಅವರಲ್ಲಿ ನನ್ನ ಪಕ್ಕದ ಸಾಲಿನಲ್ಲೇ ಹಣ್ಣು ಕೊಯ್ಯುವ ಹೆಂಗಸೊಬ್ಬಳು, ಕೈಯಲ್ಲಿ ಹಸುಗೂಸು. ಚೊಚ್ಚಲ ಮಗುವನ್ನು ಹಿಂದೊಂದು ಮಳೆಗಾಲದ ಚಳಿಗೇ ಕಳೆದುಕೊಂಡವಳು. ಈ ಕೂಸಿಗೂ ಹರಕು ಸೀರೆಯ ತುಂಡು ಬಿಟ್ಟರೆ ಹೊದಿಸಲು ಏನೂ ಇರಲಿಲ್ಲ. ನಾನು ಎದ್ದು ನಿಂತೆ.

"ಸ್ವಾಮಿ, ಅವ್ರು ನಮಗಿಂತ ಕಪ್ಪು. ನಿಮ್ಮ ಮಾತಿನ ಪ್ರಕಾರ ಕಂಬಳಿ ಮೊದ್ಲು ಅವ್ರಿಗೇ ಸಿಗ್ಬೇಕಲ್ವಾ?"

ಕಣವೆಲ್ಲ ಗೊಳ್ಳೆಂದಿತು. "ಇದು ರಾಜಕೀಯ ತಂಗಿ, ನಿನಗೆ ಅರ್ಥವಾಗಲ್ಲ" ಎಂದ ವಕೀಲ.

ಅರ್ಥವಾಗದೆ ಏನು? ಬಣ್ಣ ಯಾರನ್ನೂ ಒಂದು ಮಾಡುವುದಿಲ್ಲ. ಒಂದೇ ಅವಮಾನ ತಿಂದವರು ಒಂದಾಗಬಹುದಿತ್ತು, ಆದರೆ ನಮ್ಮವರಿಗೆ ತಮ್ಮ ಪಾಲಿನ ಅವಮಾನವನ್ನು ಕೆಳಗಿನವರ ತಲೆಗೆ ಕಟ್ಟುವ ಆತುರ.

ಕೊನೆಗೆ ಸನ್ಮಾನ. ಶಿರಂಗಾಲದ ಕಡೆಯಿಂದ ತರಿಸಿದ ದಪ್ಪ ಕಂಬಳಿಯೊಂದನ್ನು ಮೇಸ್ತ್ರಿ ವಕೀಲನಿಗೆ ಹೊದಿಸಿದ. ಸೆಕೆ ತಡೆಯದೆ ಅವನು ಅದನ್ನು ತೆಗೆದು ಕುರ್ಚಿಯ ಮೇಲಿಟ್ಟ. ನಾನು ಬೇಲಿಯ ಬಳಿ ಹೋದೆ, ಕೂಸನ್ನು ಎತ್ತಿಕೊಂಡೆ, ನೆಟ್ಟಗೆ ಬಂದು ಆ ಕಂಬಳಿಯ ಮೇಲೆ ಮಲಗಿಸಿದೆ.

"ಒಂದು ಗಳಿಗೆ ಮಲಗ್ಲಿ ಸ್ವಾಮಿ. ಒಂದೇ ತಾಯಿಯ ಮಕ್ಕಳಲ್ವಾ?"

ವಕೀಲ ಹಾವು ತುಳಿದವನಂತೆ ಹಿಂದೆ ಹಾರಿದ. ಆಮೇಲೆ ಜನ ನೋಡುತ್ತಿರುವುದು ನೆನಪಾಗಿರಬೇಕು, ಹಲ್ಲು ಕಿರಿದು, "ಇರ್ಲಿ, ಇರ್ಲಿ, ಕಂಬಳಿ ಮಗುವಿಗೇ ಇರ್ಲಿ!" ಎಂದ. ಮತ್ತೆ ಚಪ್ಪಾಳೆ. ದೊಡ್ಡ ದಾನಶೂರ ಕರ್ಣ! ಎರವರ ಮೈ ತಾಗಿದ್ದನ್ನು ಅವನು ಮುಟ್ಟುವವನಲ್ಲ ಎಂದು ನನಗೆ ಗೊತ್ತಿತ್ತು, ಅದನ್ನೇ ನಂಬಿ ಹೋಗಿದ್ದೆ. ಅವನ ಭಾಷಣ ಕೊಡಿಸದ ಕಂಬಳಿಯನ್ನು ಅವನ ಮೈಲಿಗೆ ಕೊಡಿಸಿತು.

ತಾಯಿ ಕೂಸನ್ನು ಅದರಲ್ಲಿ ಸುತ್ತಿಕೊಂಡು ಕೇಳಿದಳು, "ವಾಪಸ್ ಕೇಳಲ್ವಲ್ಲ ಅಕ್ಕ?"

"ಸತ್ರೂ ಕೇಳಲ್ಲ, ಹೋಗು."

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಲ್ಲೇ ನಿಲ್ಲು ಮಾರಾಯ್ತಿ! ಎರವರ ಕೂಸು ಎತ್ತಿದವಳು ಹಾಗೇ ಒಳಗೆ ಬರ್ತೀಯಾ?"

ಕೊಡಪಾನದ ತಣ್ಣೀರು ತಂದು ಬಟ್ಟೆಯ ಮೇಲೆಯೇ ತಲೆಗೆ ಸುರಿದಳು. ದೊರೆಯ ಮನೆಯ ಬಾವಿಹಗ್ಗವನ್ನು ನನ್ನ ಅಮ್ಮನಿಗೆ ಜನ್ಮದಲ್ಲಿ ಮುಟ್ಟಲು ಬಿಟ್ಟಿರಲಿಲ್ಲ. ಅಲ್ಲಿಯ ಕೆಲಸದವಳು ಮೇಲಿಂದ ಹೊಯ್ದರೆ ಅಮ್ಮ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಅವಳು ಸುರಿಯುತ್ತ ಹೇಳಿದಳು, "ನಾವು ಯಾರು ಅಂತ ಮರೀಬೇಡ."

ವಕೀಲನ ಮೇಲಿನ ಹೇಸಿಗೆಯನ್ನು ಕಣದಲ್ಲೇ ಉಗಿದು ಬಂದಿದ್ದೆ. ಅಮ್ಮನ ಮೇಲೆ ಆವತ್ತು ಹುಟ್ಟಿದ ಹೇಸಿಗೆ ಅವಳ ಕೈಯ ಗಂಜಿ ಉಂಡರೂ ಹೋಗಲಿಲ್ಲ.