ಆನೆಗಳ ಸಾಲು, ಕೂರಲು ಜಾಗವಿಲ್ಲ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ನನ್ನ ವಾರಗಿತ್ತಿ ಪುಟ್ಟಕ್ಕ ಬೆಂಗಳೂರಿನ ಮೆಟ್ರೊ ಸ್ಟೇಷನ್ನಿನಲ್ಲಿ ಆನೆಯೊಂದರ ಬೆನ್ನು ಮುರಿದಳು.

ತಮಾಷೆಯಲ್ಲ.

ಅವಳ ಮಂಡಿಯನ್ನು ಡಾಕ್ಟರಿಗೆ ತೋರಿಸಿಕೊಂಡು, ಅರಸೀಕೆರೆ ರೈಲು ಹಿಡಿಯಲು ಮೆಟ್ರೊಗೆಂದು ನೆಲದೊಳಗೆ ಇಳಿದೆವು. ಇಳಿದರೆ ಏನು? ಹಳೇಬೀಡು! ಮಿರಮಿರ ಮಿಂಚುವ ಕಂಬ, ಕನ್ನಡಿ ಹಿಡಿದ ಹೆಣ್ಣುಗಳು, ಗೋಡೆಯ ಬುಡಕ್ಕೆ ಮಂಡಿಯೆತ್ತರದಲ್ಲಿ ಮುಂದಕ್ಕೆ ಚಾಚಿದ ಸಾಲಾನೆ, ಮೇಲೆ ಬಣ್ಣದ ಲೈಟು. (ಮೂಗು ಮಾತ್ರ ಎಲ್ಲರಿಗೂ ಪೂರ್ತಿ ಇತ್ತು. ನನಗೆ ಅನುಮಾನ ಬಂದದ್ದೇ ಅಲ್ಲಿ.)

ಹಳೇಬೀಡಿನ ಪಕ್ಕದ ಮಾದಿಹಳ್ಳಿಯವರು ನಾವು. ಕಂಬ ಕಂಡರೆ ಒರಗುತ್ತೇವೆ. ಜಗಲಿ ಕಂಡರೆ ಕೂರುತ್ತೇವೆ. ಗುಡಿಯೊಳಗೆ ಕಲ್ಲಿನ ಜಗಲಿ ಇರುವುದೇ ಅದಕ್ಕೆ ತಾನೆ?

ಗೋಡೆಯಲ್ಲಿ ಬೋರ್ಡಿತ್ತು. ನಾನು ಅಕ್ಷರ ಕೂಡಿಸಿ ಓದುವವಳು. ‘ಕೂ... ರ... ಬಾ...’ ಎನ್ನುವಷ್ಟರಲ್ಲಿ ಪುಟ್ಟಕ್ಕ ಆನೆಯ ಮೇಲೆ ಕೂತಾಗಿತ್ತು. ಲಟಕ್ ಅಂದಿತು.

ಸೆಕ್ಯೂರಿಟಿಯವನು ಸೀಟಿ ಊದುತ್ತ ಓಡಿಬಂದ. “ಏಳಿ ಅಜ್ಜಿ, ಏಳಿ! ಅದು ಫೈಬರ್!”

“ಏಳಾಕಾಗಿದ್ರೆ ಕೂರ್ತಿದ್ನೇನಪ್ಪಾ?” ಎಂದಳು ಪುಟ್ಟಕ್ಕ.

“ನಮ್ಮೂರಾನೆ ಇಡೀ ಗುಡಿ ಹೊತ್ಕೊಂಡೈತೆ. ನಿಮ್ಮಾನೆಗೆ ಒಬ್ಳು ಮುದುಕಿ ಭಾರಾನಾ?” ಎಂದೆ ನಾನು.

“ಫೈನ್ ಹಾಕ್ತಾರೆ ಕಣಜ್ಜಿ!”

“ಹಾಕ್ಲಿ. ಮೊದ್ಲು ಕೂರೋ ಜಾಗ ತೋರ್ಸು.”

ಅವನು ಸುತ್ತ ನೋಡಿದ. ನಾನೂ ನೋಡಿದೆ. ಕುದುರೆ, ಸಿಂಹ, ಬಳ್ಳಿ, ಮದ್ದಳೆಯವನು. ಒಂದೇ ಒಂದು ಬೆಂಚಿಲ್ಲ.

“ನೀನೆಲ್ಲಿ ಕೂರ್ತೀಯಪ್ಪಾ?”

ಅವನ ದನಿ ಇಳಿಯಿತು. “ನಂಗೂ ಕೂರೋ ಹಂಗಿಲ್ಲ. ಬೆಳಿಗ್ಗೆಯಿಂದ ನಿಂತೇ ಇದೀನಿ.”

ಮದ್ದಳೆಯವನ ಬೆರಳಿನ ಉಗುರನ್ನೂ ಬಿಡದೆ ಮಾಡಿದವರಿಗೆ, ಮನುಷ್ಯರಿಗೆ ಮಂಡಿ ಇರುತ್ತದೆ ಎಂಬುದು ಹೊಳೆಯಲಿಲ್ಲವೆ?

ಅವನು ಅತ್ತಿತ್ತ ನೋಡಿ, ಪುಟ್ಟಕ್ಕನಿಗೆ ಅಡ್ಡ ನಿಂತ. “ಸುಧಾರಿಸ್ಕೊಂಡು ಬೇಗ ಹೊರಡಿ.” ಮುರಿದ ಆನೆಯ ಮೇಲೆಯೇ ಅವಳು ಸುಧಾರಿಸಿಕೊಂಡಳು. ರೈಲೂ ಸಿಕ್ಕಿತು.

ಸಂಜೆ ಮಾದಿಹಳ್ಳಿಯಲ್ಲಿ ಬಸ್ಸಿಳಿದೆವು. ನಮ್ಮದೂ ಹೊಸ ಬಸ್ ಶೆಲ್ಟರ್. ಗೋಡೆಯ ತುಂಬ ನಾಟ್ಯವಾಡುವ ಹೆಣ್ಣಿನ ಚಿತ್ರ, ಅವಳಿಗಿಂತ ದೊಡ್ಡದಾಗಿ ಕಟ್ಟಿಸಿದವರ ಹೆಸರು.

“ಇಲ್ಲೂ ಕೂರಾಕೆ ಒಂದ್ ಕಲ್ಲಿಲ್ವಲ್ಲೇ,” ಎಂದಳು ಪುಟ್ಟಕ್ಕ, ತನ್ನ ಭಾರವನ್ನೆಲ್ಲ ನನ್ನ ಭುಜಕ್ಕೆ ಬಿಟ್ಟು. ದಿನಾ ಅಲ್ಲೇ ಬಸ್ಸು ಕಾಯುವ ನನಗೆ ಅದು ಕಂಡೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಟ್ರ್ಯಾಕ್ಟರಿಗೆ ಹಾಕಿಸಿ ತಂದು, ಆ ನಾಟ್ಯದವಳ ಕಾಲ ಬುಡದಲ್ಲೇ ಇಳಿಸಿ, ಮೊದಲು ನಾನೇ ಕೂತು ನೋಡಿದೆ.