ದೊಡ್ಡದಾದ ಹಡಗು

ಗಣೇಶನ ಹಬ್ಬಕ್ಕೆ ನೈರೋಬಿಯ ಕನ್ನಡಿಗರೆಲ್ಲ ವೆಸ್ಟ್‌ಲ್ಯಾಂಡ್ಸಿನ ಸಭಾಂಗಣವೊಂದರಲ್ಲಿ ಸೇರುತ್ತಿದ್ದೆವು. ಆ ವರ್ಷ ನನ್ನ ಮಗಳು ವೇದಿಕೆಯ ಮೇಲೆ ಕನ್ನಡದಲ್ಲಿ ಮಾತಾಡಲು ಒಪ್ಪಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಒಪ್ಪಿದ್ದೂ ಒಂದು ಷರತ್ತಿನ ಮೇಲೆ.

"ಯಾರಾದ್ರೂ ನಕ್ಕರೆ ನೆವರ್ ಅಗೇನ್. ಪ್ರಾಮಿಸ್, ಪಪ್ಪಾ?"

ಮಾತು ಕೊಟ್ಟೆ. ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ನಿದ್ದೆ ಕೆಡಲು ನನಗೆ ಅಷ್ಟು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಕಿಲಿಮಾನಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸುಮ್ಮನೆ ಹತ್ತಿಳಿಯುವವನು ನಾನು.

ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು. ರಜೆಯಲ್ಲಿ ಕಿಸುಮುವಿಗೆ ಹೋದಾಗ, ವಿಕ್ಟೋರಿಯಾ ಸರೋವರದ ದಡದ ಬಳಿ ಹಳೆಯ ಮರದ ಸರಕು ಹಡಗೊಂದರ ಪಕ್ಕೆಲುಬುಗಳು ನೀರಿನಿಂದ ಮೇಲೆದ್ದು ನಿಂತಿದ್ದವು. ನಮ್ಮನ್ನು ಸುತ್ತಾಡಿಸುತ್ತಿದ್ದ ದೋಣಿಯವನು ಅದರ ಕಥೆ ಹೇಳಿದ. ಉಗಾಂಡಾ ಕಡೆಯಿಂದ ಬಾಳೆಕಾಯಿ, ಮೇಕೆ ತುಂಬಿಕೊಂಡು ಬರುವಾಗ ಬಿರುಗಾಳಿಗೆ ಸಿಕ್ಕಿತಂತೆ. ಜನರನ್ನು ಮೀನುಗಾರರು ತಮ್ಮ ದೋಣಿಗಳಿಗೆ ಎಳೆದುಕೊಂಡರಂತೆ, ಮೇಕೆಗಳು ತಾವೇ ಈಜಿ ಬಂದವಂತೆ. ಬಾಳೆಕಾಯಿ ತೇಲಿ ಬರುತ್ತಲೇ ಇದ್ದು, ದಡದವರಿಗೆ ಮೂರು ಹೊತ್ತೂ ಅದೇ ಊಟವಂತೆ. ಮಗಳು ಮೇಕೆಗಳಿಗೆ ಮರುಳಾದಳು. ನಾನು ನಮ್ಮ ದೋಣಿಯ ಹಲಗೆ ಒತ್ತಿ ನೋಡುತ್ತಿದ್ದೆ.

ಭಾಷಣ ಬರೆದುಕೊಟ್ಟದ್ದು ನಾನು. 'ಹಡಗು ಮುಳುಗಿತು' ಎಂದು ಬರೆದ ಕೂಡಲೇ ಕೈ ನಿಂತಿತು. ಹಬ್ಬದ ದಿನ, ಆಗತಾನೇ ದೀಪ ಹಚ್ಚಿದ ವೇದಿಕೆಯಲ್ಲಿ ಮುಳುಗುವ ಮಾತೇ? ಎದುರಿಗೆ ಹೊಸದಾಗಿ ಅಂಗಡಿ ತೆರೆದವರು ಬೇರೆ ಕೂತಿರುತ್ತಾರೆ. ನಮ್ಮಮ್ಮ ಎಂದೂ ದೀಪ ಆರಿತು ಎಂದವರಲ್ಲ, 'ದೊಡ್ಡದಾಯಿತು' ಎನ್ನುತ್ತಿದ್ದರು. ಬಳೆ ಒಡೆದರೆ 'ಹೆಚ್ಚಿತು'. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು. ಸರಿ, ನಾನೂ ಹಡಗನ್ನು ದೊಡ್ಡದು ಮಾಡಿದೆ.

"ರೀ, ಯಾರಿಗೂ ಅರ್ಥ ಆಗಲ್ಲ," ಎಂದಳು ಹೆಂಡತಿ.

"ಅರ್ಥ ಆಗದಿದ್ರೆ ನಗಲ್ಲ ಬಿಡು," ಎಂದೆ.

ಮಗಳು ಚೆನ್ನಾಗಿಯೇ ಓದಿದಳು. "ಗಾಳಿ ಎದ್ದಿತು. ಒಳಗೆ ನೀರು ನುಗ್ಗಿತು. ಹಡಗು ದೊಡ್ಡದಾಯಿತು."

ಸಭೆಯವರು ಮುಖ ಮುಖ ನೋಡಿಕೊಂಡರು. ಇಲ್ಲೇ ನೆಲೆಸಿ ತಲೆ ಹಣ್ಣಾದ ಡಾಕ್ಟರೊಬ್ಬರು ಮುಂದಿನ ಸಾಲಿನಿಂದ ಕೈಯೆತ್ತಿದರು.

"ನೀರು ಕುಡಿದು ಉಬ್ಬಿತೇನಮ್ಮ?"

ಮಗಳು ನನ್ನತ್ತ ನೋಡಿದಳು. ನಾನು ಗಣಪತಿಯತ್ತ ನೋಡಿದೆ.

"ಇಲ್ಲ ಅಂಕಲ್, ಮುಳುಗಿತು," ಎಂದಳು. "ಫುಲ್ ಮುಳುಗಿತು. ನಮ್ಮ ಪಪ್ಪಂಗೆ ಆ ವರ್ಡ್ ಅಂದ್ರೆ ಭಯ. ಅದಕ್ಕೇ ದೊಡ್ಡದು ಮಾಡಿದಾರೆ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹೊಸ ಅಂಗಡಿಯವರು ಎಲ್ಲರಿಗಿಂತ ಜೋರಾಗಿ. ಮುಗಿಯಿತು, ಇನ್ನು ನೆವರ್ ಅಗೇನ್ ಎಂದು ನಾನು ಕುರ್ಚಿಯಲ್ಲೇ ಕುಸಿದೆ. ಅವಳು ಹಾಳೆ ಮಡಚಿಟ್ಟು, ತನ್ನದೇ ಮುರುಕು ಕನ್ನಡದಲ್ಲಿ ಮೇಕೆಗಳನ್ನು ಒಂದೊಂದಾಗಿ ದಡ ಸೇರಿಸಿದಳು.

ಹೊರಗೆ ಬಂದು ಟ್ಯಾಕ್ಸಿ ಕರೆಯಲು ಫೋನ್ ತೆಗೆದೆ.

"ಎಲ್ಲರೂ ನಕ್ಕುಬಿಟ್ರು. ಸಾರಿ, ಪುಟ್ಟಾ."

"ನನ್ನ ನೋಡಿ ಅಲ್ಲ, ನಿಮ್ಮನ್ನ ನೋಡಿ ನಕ್ಕಿದ್ದು," ಎಂದಳು, ಕನ್ನಡದಲ್ಲೇ. ಆಮೇಲೆ ನಾನು ಎಷ್ಟು ಒತ್ತಿದರೂ ಬೆಳಗದ ಪರದೆಯತ್ತ ಬಗ್ಗಿ ನೋಡಿದಳು.

"ಅಯ್ಯೋ ಪಪ್ಪಾ, ನಿಮ್ಮ ಫೋನ್ ದೊಡ್ಡದಾಯ್ತು!"